ಕಾಡು, ಹಳ್ಳ, ಹುಲ್ಲುಗಾವಲು: ಒಂದೇ ದಿನದ ಚಾರಣ

ಪ್ರಶ್ನೆ: ಕಾಡು, ಹಳ್ಳ, ಹುಲ್ಲುಗಾವಲು ಮೂರೂ ಇರುವ ಒಂದು ದಿನದ ಚಾರಣಕ್ಕೆ ಎಲ್ಲಿಗೆ ಹೋಗಲಿ? ತಯಾರಿ ಹೇಗೆ?
– ಓದುಗರು, ಚಿಕ್ಕಲಸಂದ್ರ

ಉತ್ತರ: ಕಣ್ಣುಮುಚ್ಚಿ ಕುದುರೆಮುಖ ಆರಿಸಿಕೊಳ್ಳಿ. ರಾತ್ರಿ ಬಸ್ಸಿಗೆ ಕಳಸ, ಅಲ್ಲಿಂದ ಜೀಪಿನಲ್ಲಿ ಮುಳ್ಳೋಡಿ. ಹೋಗಿಬರಲು ಸುಮಾರು 20 ಕಿ.ಮೀ., ಶಿಖರದ ಎತ್ತರ 1,894 ಮೀಟರ್. ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆಯಿರಿ.

ಮಳೆ ಇಳಿದ ಮೇಲೆ, ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಹೋಗುವುದು ಒಳ್ಳೆಯದು. ಅದಕ್ಕೆ ಮುಂಚೆ ಕೆಲವು ಭಾನುವಾರ ನಿಮ್ಮ ಹತ್ತಿರದ ತುರಹಳ್ಳಿ ಕಾಡಿನಲ್ಲಿ, ಚಾರಣಕ್ಕೆ ಹಾಕುವ ಶೂವನ್ನೇ ಹಾಕಿಕೊಂಡು ನಡೆದು ಅಭ್ಯಾಸ ಮಾಡಿ. ಚಾರಣದ ದಾರಿಯಲ್ಲಿ ಹಳ್ಳದ ಪಾಚಿಗಲ್ಲು ಜಾರುತ್ತದೆ. ಕೋಲಿನಿಂದ ಪರೀಕ್ಷಿಸಿ ಕಾಲಿಡಿ. ಬೇಗ ಹೊರಟು, ಬೆಳಕಿರುವಾಗಲೇ ಇಳಿದುಬನ್ನಿ.

ಕಣಿವೆಯ ಶೋಲಾ ಕಾಡು, ಗುಡ್ಡದ ಹುಲ್ಲು ಸೇರಿ ಮಳೆನೀರನ್ನು ಹಿಡಿದಿಟ್ಟು ಹೊಳೆಗಳನ್ನು ಪೊರೆಯುತ್ತವೆ. ಆದ್ದರಿಂದ ಕಾಲುದಾರಿ ಬಿಟ್ಟು ಹುಲ್ಲು ತುಳಿಯಬೇಡಿ, ಪ್ಲಾಸ್ಟಿಕ್ ಒಯ್ಯಬೇಡಿ.