ಮೂರು ಪ್ಲಗ್ಗಿಗೆ ಗದಗಕ್ಕೆ ಯಾಕ್ರೀ?

ಶಿರಹಟ್ಟಿಯಿಂದ ಬರೆದವರೇ, ನಿಮ್ಮ ಹಳೇ ಮಾರುತಿ 800ಕ್ಕೆ ಇರೋದೇ ಮೂರು ಸಿಲಿಂಡರ್, ಮೂರು ಪ್ಲಗ್. ಇಷ್ಟು ಬದಲಿಸೋಕೆ ಗದಗ-ಬೆಟಗೇರಿ ತನಕ ಹೋಗಬೇಕಿಲ್ಲ. ರಾತ್ರಿಯೆಲ್ಲ ನಿಂತ ಗಾಡಿಗೆ ಬೆಳಿಗ್ಗೆ ಕೈ ಹಾಕಿ. ಬಿಸಿ ಇರುವಾಗ ಬಿಚ್ಚಲು ಹೋದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕಿತ್ತುಬಂದೀತು. ಆಮೇಲಿನ ಖರ್ಚು ಪ್ಲಗ್ಗಿನದಲ್ಲ, ಹೆಡ್ಡಿನದು. ಮುಂಡರಗಿ ಕಡೆ ಎರಿಹೊಲದ ದಾರಿಯಲ್ಲಿ ಓಡಾಡುವ ಗಾಡಿ ಅಂತೀರಿ, ಪ್ಲಗ್ ಬುಡದಲ್ಲಿ ಧೂಳು ಕೂತಿರುತ್ತದೆ. ಮೊದಲು ಅದಕ್ಕೆ ಗಾಳಿ ಹೊಡೆಸಿ, ಇಲ್ಲದಿದ್ದರೆ ಸೀದಾ ಸಿಲಿಂಡರಿಗೆ ಬೀಳುತ್ತದೆ. ವೈರನ್ನು ತುದಿಯ ರಬ್ಬರ್ ಬೂಟು ಹಿಡಿದು ಎಳೆಯಿರಿ, ಒಂದು ಮುಗಿದ ಮೇಲೆ ಇನ್ನೊಂದು. ಅದಲುಬದಲಾದರೆ ಗಾಡಿ ಗಡಗಡ ನಡುಗುತ್ತದೆ.

ಬಿಚ್ಚಿದ ಪ್ಲಗ್ ಎಸೆಯುವ ಮುಂಚೆ ತುದಿ ನೋಡಿ. ತಿಳಿಗಂದು ಇದ್ದರೆ ಎಂಜಿನ್ ಚೆನ್ನಾಗಿದೆ. ಒಣ ಮಸಿ ಹಿಡಿದಿದ್ದರೆ ಏರ್ ಫಿಲ್ಟರ್ ಕಟ್ಟಿರಬಹುದು. ನನಗೆ ಮೊದಲ ಅನುಮಾನ ಅದರ ಮೇಲೇ. ಎಣ್ಣೆಜಿಡ್ಡು ಕಂಡರೆ ಮಾತ್ರ ಮೇಸ್ತ್ರಿಗೆ ತೋರಿಸಲೇಬೇಕು, ಹೊಸ ಪ್ಲಗ್ ನಾಲ್ಕು ದಿನದ ಸಮಾಧಾನ ಅಷ್ಟೇ.

ಹೊಸದನ್ನು ಬೆರಳಲ್ಲೇ ತಿರುವಿ ಕೂರಿಸಿ. ಬಿಗಿ ಅನಿಸಿದರೆ ಬಿಚ್ಚಿ ಮತ್ತೆ ಹಾಕಿ, ಪಾನಾ ಮುಟ್ಟಬೇಡಿ. ವಾಷರ್ ತಾಗಿದ ಮೇಲೆ ಪಾನಾದಿಂದ ಅರ್ಧ ಸುತ್ತು ಸಾಕು.