ಮೋಟರ್ ನಡುನಡುವೆ ನಿಲ್ಲುತ್ತದೆಯೇ? ಮೊದಲು ಗಡಿಯಾರ ನೋಡಿ

ಪಂಪ್‌ಸೆಟ್ ಪೂರ್ತಿ ಸುಟ್ಟರೆ ಏನು ಮಾಡಬೇಕೆಂಬುದು ಜಮಖಂಡಿ, ಮುಧೋಳ ಸೀಮೆಯ ರೈತರಿಗೆ ಗೊತ್ತು. ಬಿಚ್ಚಿ ಗಾಡಿಗೆ ಹಾಕಿಕೊಂಡು ವೈಂಡಿಂಗ್ ಅಂಗಡಿಗೆ ಒಯ್ಯುವುದು. ತಲೆ ಕೆಡಿಸುವುದು ಸುಡದೆ, ಸರಿಯಾಗಿ ಓಡಲೂ ಓಡದೆ, ತಾನೇ ನಿಂತು ಮತ್ತೆ ಬಟನ್ ಒತ್ತಿದರೆ ಏಳುವ ಮೋಟರು. ತ್ರೀಫೇಸ್ ಕರೆಂಟ್ ಸಿಗುವುದೇ ದಿನಕ್ಕೆ ಏಳು ತಾಸಿನ ಲೆಕ್ಕ, ಅದೂ ಎಷ್ಟೋ ಸಲ ರಾತ್ರಿ ಪಾಳಿ. ಅದರಲ್ಲಿ ನಾಲ್ಕು ಸಲ ನಿಂತರೆ ಕಬ್ಬಿನ ಕೊನೆಯ ಸಾಲಿಗೆ ನೀರು ಮುಟ್ಟುವುದಿಲ್ಲ.

ಇಂಥ ಹೊತ್ತಿನಲ್ಲಿ ಬಹಳ ಮಂದಿ ಸ್ಟಾರ್ಟರ್ ಪೆಟ್ಟಿಗೆ ತೆಗೆದು ಓವರ್‌ಲೋಡ್ ರಿಲೇಯ ಮುಳ್ಳನ್ನು ಮೇಲಕ್ಕೆ ತಿರುವುತ್ತಾರೆ, ಇಲ್ಲವೇ ರಿಲೇಯನ್ನೇ ತಪ್ಪಿಸಿ ನೇರ ತಂತಿ ಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ರಿಲೇ ಸುಮ್ಮನೆ ನಿಲ್ಲಿಸುವುದು ಅಪರೂಪ. ಅದು ಯಾವುದೋ ತೊಂದರೆಯನ್ನು ಕಂಡೇ ನಿಲ್ಲಿಸಿರುತ್ತದೆ. ಆ ತೊಂದರೆ ಯಾವುದೆಂದು ತಿಳಿಯಲು ಮೊದಲು ಬೇಕಾದದ್ದು ಒಂದು ಗಡಿಯಾರ, ಒಂದು ಚೀಟಿ. ಮೋಟರ್ ಎಷ್ಟು ಹೊತ್ತಿಗೆ ನಿಂತಿತು, ಶುರುವಾಗಿ ಎಷ್ಟು ನಿಮಿಷವಾಗಿತ್ತು, ಆಗ ಯಾವ ಹೊಲಕ್ಕೆ ನೀರು ಹೋಗುತ್ತಿತ್ತು, ವೋಲ್ಟ್ ಮೀಟರ್, ಆಂಪ್ ಮೀಟರ್ ಎಷ್ಟು ತೋರಿಸುತ್ತಿದ್ದವು ಎಂಬುದನ್ನು ಎರಡು ಮೂರು ದಿನ ಬರೆದಿಡಿ. ಮೆಕ್ಯಾನಿಕ್ ಬಂದಾಗ ಅರ್ಧ ಕೆಲಸ ಈ ಚೀಟಿಯಲ್ಲೇ ಮುಗಿದಿರುತ್ತದೆ.

ಬಟನ್ ಒತ್ತಿದ ಕೂಡಲೇ ನಿಂತರೆ

ಮೊದಲ ಸಂಶಯ ಫೇಸಿನ ಮೇಲೆ ಇರಲಿ. ಮೂರರಲ್ಲಿ ಒಂದು ಫೇಸ್ ಇಲ್ಲದಿದ್ದರೆ ಅಥವಾ ತೀರ ಬಿದ್ದಿದ್ದರೆ ಸಿಂಗಲ್ ಫೇಸ್ ಪ್ರಿವೆಂಟರ್ ಮೋಟರನ್ನು ಬಿಡುವುದಿಲ್ಲ. ಇಲ್ಲಿ ಟೆಸ್ಟರ್ ನಂಬಬೇಡಿ. ಹೋಗಿರುವ ಫೇಸಿಗೂ ಸ್ಟಾರ್ಟರಿನ ಕಾಯಿಲ್ ಮೂಲಕ ಕರೆಂಟ್ ತಿರುಗಿ ಬಂದು ಟೆಸ್ಟರ್ ಬಲ್ಬು ಹೊತ್ತುವುದುಂಟು. ಕೆಂಪು-ಹಳದಿ, ಹಳದಿ-ನೀಲಿ, ನೀಲಿ-ಕೆಂಪು ಹೀಗೆ ಎರಡೆರಡು ಫೇಸುಗಳ ನಡುವೆ ಮೀಟರ್ ಇಟ್ಟು ಅಳೆಯಿರಿ. ಸರಿಯಾದ ವೋಲ್ಟೇಜ್ 415ರ ಸುತ್ತ ಇರುತ್ತದೆ. ಮೂರೂ ಅಳತೆಗಳು ಒಂದಕ್ಕೊಂದು ಹತ್ತಿರವಿರಬೇಕು. ವೋಲ್ಟೇಜಿನಲ್ಲಿ ಸಣ್ಣ ವ್ಯತ್ಯಾಸವಿದ್ದರೂ ಆಂಪಿನಲ್ಲಿ ಅದು ಹಲವು ಪಟ್ಟು ದೊಡ್ಡದಾಗುತ್ತದೆ.

ಫೇಸ್ ಹೋಗಿರುವುದು ಟ್ರಾನ್ಸ್‌ಫಾರ್ಮರಿನಿಂದಲೇ (ಟಿಸಿ) ಎಂದಾದರೆ 1912ಕ್ಕೆ ಕರೆ ಮಾಡಿ ಹೆಸ್ಕಾಂಗೆ ತಿಳಿಸಿ, ಲೈನ್‌ಮನ್ ಬರುವ ತನಕ ಕಾಯಿರಿ. ಟಿಸಿಯ ಫ್ಯೂಸ್ ಹಾಕಲು ನೀವೇ ಕೈ ಚಾಚಬೇಡಿ. ಒಂದು ಪಾಳಿಯ ನೀರಿಗಾಗಿ ಜೀವ ಕಳೆದುಕೊಂಡ ಮನೆಗಳು ನಮ್ಮ ಊರುಗಳಲ್ಲಿ ಇವೆ.

ಇಪ್ಪತ್ತು, ಮೂವತ್ತು ನಿಮಿಷ ಓಡಿ ನಿಂತರೆ

ಇದೇ ಎಲ್ಲಕ್ಕಿಂತ ಹೆಚ್ಚು ಕಾಣುವ ರೋಗ. ಸ್ವಲ್ಪ ಹೊತ್ತು ತಣಿದ ಮೇಲೆ ಮತ್ತೆ ಶುರುವಾಗುತ್ತದೆ ಎಂದರೆ ರಿಲೇ ಬಿಸಿಯಾಗಿ ಲೈನ್ ಬಿಡುತ್ತಿದೆ (ಟ್ರಿಪ್ ಆಗುತ್ತಿದೆ) ಎಂದರ್ಥ. ಥರ್ಮಲ್ ರಿಲೇ ಕರೆಂಟಿಗೆ ತಕ್ಕಂತೆ ಸಮಯ ತೆಗೆದುಕೊಳ್ಳುತ್ತದೆ. ಮುಳ್ಳು ಇಟ್ಟ ಆಂಪಿನ 1.2 ಪಟ್ಟು ಹರಿದರೆ ಎರಡು ತಾಸಿನೊಳಗೆ ಬಿಡುತ್ತದೆ, ಒಂದೂವರೆ ಪಟ್ಟಾದರೆ ಕೆಲವೇ ನಿಮಿಷಗಳಲ್ಲಿ.

ಮುಳ್ಳು ಸರಿಯಾದ ಜಾಗದಲ್ಲಿದೆಯೇ ನೋಡಿ. ನೇರ ಸ್ಟಾರ್ಟರ್ ಆದರೆ ಮೋಟರಿನ ನಾಮಫಲಕದಲ್ಲಿ ಬರೆದ ಆಂಪಿಗೇ ಇರಬೇಕು. ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇ ಸಾಮಾನ್ಯವಾಗಿ ವೈಂಡಿಂಗಿನ ದಾರಿಯಲ್ಲಿರುತ್ತದೆ, ಹಾಗಾಗಿ ಫಲಕದ ಆಂಪಿನ ಶೇ 58ಕ್ಕೆ ಇಡಬೇಕು. ಇದು ಗೊತ್ತಿಲ್ಲದೆ ಪೂರ್ತಿ ಆಂಪಿಗೆ ಇಟ್ಟರೆ ಮೋಟರಿಗೆ ರಕ್ಷಣೆಯೇ ಇಲ್ಲ. ಮುಳ್ಳು ಸರಿಯಿದ್ದರೆ ಕ್ಲ್ಯಾಂಪ್ ಮೀಟರಿನಿಂದ ಮೂರೂ ತಂತಿಗಳ ಆಂಪ್ ಅಳೆಯಿರಿ. ಫಲಕಕ್ಕಿಂತ ಹೆಚ್ಚು ಬಂದರೆ ಕಾರಣ ಹುಡುಕಬೇಕು.

ಕಡಿಮೆ ವೋಲ್ಟೇಜ್ ಮೊದಲ ಕಾರಣ. ತ್ರೀಫೇಸ್ ಬಂದ ಕ್ಷಣ ಒಂದು ಟಿಸಿಯ ಕೆಳಗಿನ ಎಲ್ಲ ಆಟೊ ಸ್ಟಾರ್ಟರುಗಳೂ ಒಮ್ಮೆಗೇ ಎಳೆದರೆ ವೋಲ್ಟೇಜ್ ಕುಸಿಯುತ್ತದೆ, ಅದೇ ಕೆಲಸಕ್ಕೆ ಮೋಟರ್ ಹೆಚ್ಚು ಆಂಪ್ ಎಳೆಯುತ್ತದೆ. ಕೃಷಿ ಮೋಟರುಗಳು ಸಾಮಾನ್ಯವಾಗಿ 350ರ ಆಸುಪಾಸಿನವರೆಗೆ ತಾಳುತ್ತವೆ, ಅದಕ್ಕೂ ಕೆಳಗೆ ಓಡಿಸುವುದು ವೈಂಡಿಂಗಿಗೆ ವಿಷ. ಒಂದೇ ಟಿಸಿಯ ರೈತರು ಕೂತು ಮಾತಾಡಿ ಆಟೊ ಸ್ಟಾರ್ಟರಿನ ಟೈಮರನ್ನು ಒಬ್ಬರಿಗೆ ಒಂದು ನಿಮಿಷ, ಇನ್ನೊಬ್ಬರಿಗೆ ಮೂರು, ಮತ್ತೊಬ್ಬರಿಗೆ ಐದು ಎಂದು ಹಂಚಿಕೊಂಡರೆ ಖರ್ಚಿಲ್ಲದೆ ಶುರುವಿನ ಕುಸಿತ ತಪ್ಪುತ್ತದೆ.

ಎರಡನೆಯ ಕಾರಣ ನಮ್ಮ ಏತ ಪೈಪ್‌ಲೈನುಗಳದ್ದೇ, ಬಹಳ ಜನರಿಗೆ ಹೊಳೆಯದ್ದು. ಕೃಷ್ಣೆಯಿಂದ ಕಿಲೋಮೀಟರುಗಟ್ಟಲೆ ಪೈಪ್ ಹಾಕಿ, ನಡುನಡುವೆ ವಾಲ್ವ್ ಕೊಟ್ಟು ನೀರು ಹಂಚುವವರು ಗಮನಿಸಿ: ದೂರದ ಎತ್ತರದ ಹೊಲಕ್ಕೆ ನೀರು ಬಿಟ್ಟಾಗ ಮೋಟರ್ ನಿಲ್ಲುವುದಿಲ್ಲ, ಹೊಳೆಯ ಹತ್ತಿರದ ತಗ್ಗಿನ ಹೊಲಕ್ಕೆ ಬಿಟ್ಟಾಗ ನಿಲ್ಲುತ್ತದೆ. ಹತ್ತಿರದ ಹೊಲಕ್ಕೆ ಭಾರ ಕಡಿಮೆ ಎಂದು ಅನ್ನಿಸುವುದು ಸಹಜ, ಆದರೆ ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ನಡೆಯುವುದು ಅದಕ್ಕೆ ಉಲ್ಟಾ. ಎತ್ತರ ಕಡಿಮೆಯಾದಂತೆ ಪಂಪು ಹೆಚ್ಚು ನೀರು ಎಸೆಯುತ್ತದೆ, ಹೆಚ್ಚು ನೀರಿಗೆ ಹೆಚ್ಚು ಆಂಪ್ ಬೇಕು. ಪರಿಹಾರ ಸುಲಭ. ಪಂಪಿನ ಬಾಯಿಯ ಡೆಲಿವರಿ ಗೇಟ್‌ವಾಲ್ವನ್ನು ನಿಧಾನ ಮುಚ್ಚುತ್ತ ಆಂಪ್ ಮೀಟರ್ ನೋಡಿ, ಫಲಕದ ಅಂಕೆಗೆ ಇಳಿದಲ್ಲಿ ನಿಲ್ಲಿಸಿ. ಪಂಪಿನ ಹತ್ತಿರ ಪೈಪ್ ಒಡೆದು ನೀರು ಸೋರುತ್ತಿದ್ದರೂ ಇದೇ ಲಕ್ಷಣ ಕಾಣುತ್ತದೆ, ಹಾಗಾಗಿ ವಾಲ್ವ್ ತಿರುವುವ ಮುನ್ನ ಲೈನಿನ ಉದ್ದಕ್ಕೂ ಒಂದು ಸುತ್ತು ನಡೆದು ಬನ್ನಿ.

ಇನ್ನು ಬಿಸಿಲು. ಮೇ ತಿಂಗಳಲ್ಲಿ ಬಯಲಿನ ಕಂಬಕ್ಕೆ ಕಟ್ಟಿದ ತಗಡಿನ ಸ್ಟಾರ್ಟರ್ ಪೆಟ್ಟಿಗೆ ಮುಟ್ಟಲಾಗದಷ್ಟು ಕಾಯುತ್ತದೆ, ರಿಲೇ ಬೇಗ ಬಿಡುತ್ತದೆ. ಮಧ್ಯಾಹ್ನ ಮಾತ್ರ ನಿಂತು ರಾತ್ರಿ ಸರಿಯಾಗಿ ಓಡಿದರೆ ಮೊದಲು ನೆರಳು ಮಾಡಿ. ಬೇರಿಂಗ್ ಸವೆದಿದ್ದರೆ, ಗ್ಲ್ಯಾಂಡ್ ಬಿಗಿ ಹೆಚ್ಚಾಗಿದ್ದರೆ ಕೈಯಿಂದ ಶಾಫ್ಟ್ ತಿರುಗಿಸಿದಾಗಲೇ ತಿಳಿಯುತ್ತದೆ. ಅದಕ್ಕೂ ಮುನ್ನ ಮೇನ್ ಸ್ವಿಚ್ ತೆಗೆದು ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಿ.

ಆಂಪ್ ಇಳಿದು ನಿಂತರೆ

ನೀರು ಬರುವುದು ನಿಂತು, ಆಂಪ್ ಮೀಟರ್ ಮುಳ್ಳು ಕೆಳಗೆ ಬಿದ್ದು, ಆಮೇಲೆ ಮೋಟರ್ ನಿಂತರೆ ಡ್ರೈರನ್ ಪ್ರಿವೆಂಟರ್ ತನ್ನ ಕೆಲಸ ಮಾಡಿದೆ. ಪಂಪಿಗೆ ನೀರು ಸಿಗುತ್ತಿಲ್ಲ.

ದಂಡೆಯ ಮೋನೊಬ್ಲಾಕ್ ಪಂಪಿಗೆ ಹೀರುವ ಎತ್ತರ ಮುಖ್ಯ. ಪುಸ್ತಕದ ಲೆಕ್ಕ 10.3 ಮೀಟರ್, ನಿಜದಲ್ಲಿ ಆರೇಳು ಮೀಟರಿನ ಆಚೆ ಅದು ಸೋಲುತ್ತದೆ. 1989ರಲ್ಲಿ ರೈತರೇ ದುಡ್ಡು, ಬೆವರು ಹಾಕಿ ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜಿನ ಹಿಂದೆಯಾಗಲಿ, ಹಿಪ್ಪರಗಿಯಲ್ಲಾಗಲಿ, ಬೀಳಗಿಯ ಆಲಮಟ್ಟಿ ಹಿನ್ನೀರಿನಲ್ಲಾಗಲಿ ಬೇಸಿಗೆಯಲ್ಲಿ ನೀರು ಇಳಿದಂತೆ ಚಳಿಗಾಲದಲ್ಲಿ ಚೆನ್ನಾಗಿ ಓಡಿದ ಪಂಪು ಗಾಳಿ ಹೀರತೊಡಗುತ್ತದೆ. ಪಂಪನ್ನು ಕೆಳಗಿಳಿಸುವುದೇ ದಾರಿ. ನೀರು ಸಾಕಷ್ಟಿದ್ದೂ ಹೀಗಾದರೆ ಫುಟ್‌ವಾಲ್ವಿಗೆ ಕಸ ಸಿಕ್ಕಿದೆಯೇ, ಸಕ್ಷನ್ ಪೈಪಿನ ಜೋಡಣೆಯಲ್ಲಿ ಗಾಳಿ ಎಳೆಯುತ್ತಿದೆಯೇ ನೋಡಿ.

ಬೋರಿನಲ್ಲಿ ಅರ್ಧ ತಾಸು ನೀರು ಬಂದು ನಿಲ್ಲುವುದು ಬೋರು ತುಂಬಿಕೊಳ್ಳುವ ವೇಗಕ್ಕಿಂತ ಪಂಪು ಎತ್ತುವ ವೇಗ ಹೆಚ್ಚು ಎಂಬುದರ ಗುರುತು. ಗೇಟ್‌ವಾಲ್ವ್ ಸ್ವಲ್ಪ ಮುಚ್ಚಿ ನೀರು ಕಡಿಮೆ ತೆಗೆಯಿರಿ, ನಿಂತ ಮೇಲೆ ಮತ್ತೆ ಶುರುವಾಗುವ ಅಂತರವನ್ನು ಟೈಮರಿನಲ್ಲಿ ಹೆಚ್ಚಿಸಿ. ಸಬ್‌ಮರ್ಸಿಬಲ್ ಮೋಟರ್ ತಣ್ಣಗಿರುವುದು ತನ್ನ ಸುತ್ತ ಹರಿಯುವ ನೀರಿನಿಂದ. ಮೇಲಿಂದ ಮೇಲೆ ಬಂದ್ ಆಗಿ ಶುರುವಾದರೆ ಬೇಗ ಸಾಯುತ್ತದೆ.

ಹೊತ್ತುಗೊತ್ತಿಲ್ಲದೆ ನಿಂತರೆ

ಚೀಟಿಯಲ್ಲಿ ಯಾವ ಕ್ರಮವೂ ಕಾಣದಿದ್ದರೆ ಸಡಿಲ ತಂತಿ, ಕಪ್ಪಾದ ಕಾಂಟ್ಯಾಕ್ಟರ್, ಒಳಗೆ ಹೊಕ್ಕ ಹಲ್ಲಿ ಅಥವಾ ಇರುವೆ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿಯೂ ಮೋಟರ್ ಹೀಗೆ ನಿಂತರೆ ಮೊದಲು ನೋಡಬೇಕಾದದ್ದು ಇದನ್ನೇ. ಅಲ್ಲಿ ಹತ್ತಿಯ ಧೂಳೂ ಸೇರಿರುತ್ತದೆ. ಮೇನ್ ತೆಗೆದು ಪ್ರತಿ ಸ್ಕ್ರೂ ಬಿಗಿ ಮಾಡಿ. ಬಣ್ಣ ಕೆಟ್ಟ, ಸುಟ್ಟ ವಾಸನೆಯ ತಂತಿಯ ತುದಿ ಕತ್ತರಿಸಿ ಹೊಸ ಲಗ್ ಹಾಕಿ. ಕೆಪಾಸಿಟರ್ ಇದ್ದರೆ ಮೇನ್ ತೆಗೆದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ, ಬರಿಗೈ ತಾಗಿಸಬೇಡಿ.

ಮಳೆಯಾದ ಮೇಲಷ್ಟೇ ನಿಲ್ಲುತ್ತದೆ ಎಂದಾದರೆ ಕೇಬಲ್ ಜೋಡಣೆಗೆ ನೀರು ಹೊಕ್ಕಿದೆಯೆಂದು ಹಿಡಿಯಿರಿ. ಮೆಕ್ಯಾನಿಕ್ 500 ವೋಲ್ಟಿನ ಮೆಗ್ಗರ್ ಹಚ್ಚಲಿ. ಒಂದು ಮೆಗಾಓಮಿಗಿಂತ ಕಡಿಮೆ ಬಂದರೆ ಆ ಮೋಟರಿಗೆ ಕರೆಂಟ್ ಕೊಡಬಾರದು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿದಂತೆ ಮತ್ತೆ ಹೊಳೆ ಬಂದು ಪಂಪು ಮುಳುಗಿದರಂತೂ ನೀರು ಇಳಿದ ಕೂಡಲೇ ಬಟನ್ ಒತ್ತುವ ಆತುರ ಬೇಡ. ಸ್ಟಾರ್ಟರಿನ ರಾಡಿ ತೊಳೆದು, ದಂಡೆಯ ಮೋಟರನ್ನು ಬಿಚ್ಚಿ ಒಣಗಿಸಿ, ಬೇರಿಂಗಿಗೆ ಹೊಸ ಗ್ರೀಸ್ ತುಂಬಿ, ಮೆಗ್ಗರ್ ಪಾಸಾದ ಮೇಲೆಯೇ ಲೈನಿಗೆ ಜೋಡಿಸಿ.