ಗಿಡ್ಡ ಕೂದಲಿನ ಅಲಂಕಾರಿಕ ಜಡೆ (ಕಾರ್ನ್‌ರೋ): ಮುಖ್ಯಾಂಶಗಳು

ಸ್ವರೂಪ
- ನೆತ್ತಿಗೆ ಅಂಟಿದಂತೆ ಹೆಣೆಯುವ ಮೂರೆಳೆ ಜಡೆ. ಪ್ರತಿ ಹೆಣಿಕೆಗೂ ಬುಡದಿಂದ ಹೊಸ ಕೂದಲಿನ ಸೇರ್ಪಡೆ
- ಗಿಡ್ಡ ಕೂದಲಿಗೆ ಒಗ್ಗಲು ಕಾರಣ: ಜಡೆಯ ಹಿಡಿತ ತುದಿಯಲ್ಲಲ್ಲ, ನೆತ್ತಿಯ ಉದ್ದಕ್ಕೂ
- ವಿನ್ಯಾಸದ ಆಧಾರ: ಬೈತಲೆ ಗೆರೆ (ನೇರ, ವಕ್ರ, ಸುರುಳಿ)
- ಕೆರಿಬಿಯನ್ ಹೆಸರು: ಕೇನ್‌ರೋ
- ಚೌರಿಗೆ ಬಳಸುವ ಕೃತಕ ನಾರು: ಕನೆಕಲಾನ್ (ಮೊಡಾಕ್ರಿಲಿಕ್), ಜಪಾನ್

ಆಫ್ರಿಕಾ ಮೂಲ
- ನೊಕ್ ಸಂಸ್ಕೃತಿ, ನೈಜೀರಿಯಾ: ವಿಸ್ತಾರವಾದ ಕೇಶವಿನ್ಯಾಸದ ಸುಟ್ಟ ಮಣ್ಣಿನ ಶಿಲ್ಪಗಳು, ಮೊದಲ ಪತ್ತೆ 1928, ತವರದ ಗಣಿಯಲ್ಲಿ
- ಯೊರುಬಾ ಭಾಷೆ: ‘ಇರುನ್ ದಿದಿ’ – ಜಡೆ ಹೆಣಿಕೆ, ‘ಇರುನ್ ಕಿಕೊ’ – ದಾರ ಸುತ್ತಿದ ಕೂದಲು (ಎರಡೂ ಬೇರೆ)
- ಫುಲಾನಿ ಸಮುದಾಯ: ಮಣಿ, ನಾಣ್ಯ, ಕವಡೆಯ ಅಲಂಕಾರ
- ಜೆ.ಡಿ. ಒಖಾಯ್ ಒಜೆಯ್‌ಕೆರೆ (1930–2014): ನೈಜೀರಿಯಾದ ಛಾಯಾಗ್ರಾಹಕ, ಕೇಶವಿನ್ಯಾಸ ಸರಣಿಯ ಆರಂಭ 1968, ಈ ಕಲೆಯ ಅತಿ ಮಹತ್ವದ ಚಿತ್ರ ದಾಖಲೆ
- ರಾನ್ ಎಗ್ಲಾಶ್: ‘ಆಫ್ರಿಕನ್ ಫ್ರ್ಯಾಕ್ಟಲ್ಸ್’, 1999, ಜಡೆಯ ಸಾಲುಗಳಲ್ಲಿ ಜ್ಯಾಮಿತಿಯ ಅಧ್ಯಯನ

ಕಾನೂನು: ಇಸವಿಗಳು (ಅತಿ ಮುಖ್ಯ ಭಾಗ)
- 1786: ಲೂಯಿಸಿಯಾನಾ, ಸ್ಪ್ಯಾನಿಷ್ ಗವರ್ನರ್ ಎಸ್ತೆಬಾನ್ ಮಿರೊ, ಟಿನ್ಯಾನ್ ಕಾನೂನು, ಆಫ್ರಿಕಾ ಮೂಲದ ಸ್ವತಂತ್ರ ಮಹಿಳೆಯರಿಗೆ ತಲೆವಸ್ತ್ರ ಕಡ್ಡಾಯ
- 1981: ರೋಜರ್ಸ್ ವಿರುದ್ಧ ಅಮೆರಿಕನ್ ಏರ್‌ಲೈನ್ಸ್, ಕಾರ್ನ್‌ರೋ ನಿಷೇಧ ಪ್ರಶ್ನಿಸಿದ ಉದ್ಯೋಗಿಗೆ ಸೋಲು, ನ್ಯಾಯಾಲಯದ ಆಧಾರ: ಜಡೆ ಸುಲಭವಾಗಿ ಬದಲಿಸಬಹುದಾದ ಲಕ್ಷಣ
- 2011: ಇಂಗ್ಲೆಂಡ್ ಹೈಕೋರ್ಟ್, ವಿದ್ಯಾರ್ಥಿಯ ಕಾರ್ನ್‌ರೋಗೆ ಶಾಲೆಯ ನಿಷೇಧ ಪರೋಕ್ಷ ಜನಾಂಗೀಯ ತಾರತಮ್ಯ ಎಂಬ ತೀರ್ಪು
- 2019 ಜುಲೈ 3: ಕ್ರೌನ್ ಕಾಯ್ದೆ (ಕೇಶ ತಾರತಮ್ಯಕ್ಕೆ ನಿಷೇಧ), ಅಮೆರಿಕದ ಮೊದಲ ರಾಜ್ಯ ಕ್ಯಾಲಿಫೋರ್ನಿಯಾ, ಮಂಡನೆ: ಸೆನೆಟರ್ ಹಾಲಿ ಮಿಚೆಲ್, ಸಹಿ: ಗವರ್ನರ್ ಗ್ಯಾವಿನ್ ನ್ಯೂಸಮ್, ಜಾರಿ: 2020 ಜನವರಿ 1
- ಎರಡನೆಯ ರಾಜ್ಯ: ನ್ಯೂಯಾರ್ಕ್ (2019 ಜುಲೈ)
- 2021: ಅಮೆರಿಕ ಭೂಸೇನೆ, ಮಹಿಳೆಯರ ಕೂದಲಿನ ಕನಿಷ್ಠ ಉದ್ದದ ನಿಯಮ ರದ್ದು
- 2022 ಮಾರ್ಚ್ 18: ಅಮೆರಿಕದ ಕೆಳಮನೆಯಲ್ಲಿ ಕ್ರೌನ್ ಮಸೂದೆ ಅಂಗೀಕಾರ, 235–189, ಸೆನೆಟ್‌ನಲ್ಲಿ ಅಂಗೀಕಾರವಿಲ್ಲ
- 2024 ಮಾರ್ಚ್ 28: ಫ್ರಾನ್ಸ್ ರಾಷ್ಟ್ರೀಯ ಸಭೆ, ಕೇಶ ತಾರತಮ್ಯ ವಿರೋಧಿ ಮಸೂದೆಗೆ ಒಪ್ಪಿಗೆ, ಮಂಡನೆ: ಒಲಿವಿಯೆ ಸೆರ್ವಾ, ಗ್ವಾಡೆಲೂಪ್

ಗೊಂದಲ ಬೇಡ
- 1979, ‘10’ ಚಲನಚಿತ್ರ, ಬೋ ಡೆರೆಕ್: ಮಣಿ ಪೋಣಿಸಿದ ಕಾರ್ನ್‌ರೋಗೆ ಹಾಲಿವುಡ್ ಪ್ರಚಾರ ಮಾತ್ರ, ಮೂಲದ ಶ್ರೇಯ ಆಫ್ರಿಕಾದ್ದೇ

ವೈದ್ಯಕೀಯ
- ಟ್ರ್ಯಾಕ್ಷನ್ ಅಲೊಪೇಷಿಯಾ: ಬಿಗಿ ಎಳೆತದಿಂದ ಕೂದಲು ಉದುರುವಿಕೆ, ಆರಂಭಿಕ ಲಕ್ಷಣ ಹಣೆಯಂಚು, ಕಣತಲೆಯ ಬಳಿ
- ಮೊದಲ ವರದಿ: 1907, ಗ್ರೀನ್‌ಲ್ಯಾಂಡ್ ಮಹಿಳೆಯರು
- ಆರಂಭದಲ್ಲಿ ಎಳೆತ ನಿಲ್ಲಿಸಿದರೆ ಗುಣ ಸಾಧ್ಯ. ದೀರ್ಘಕಾಲದಲ್ಲಿ ಶಾಶ್ವತ ಹಾನಿ

ಕರ್ನಾಟಕ
- ಭಾಗ್ಯನಗರ, ಕೊಪ್ಪಳ ಜಿಲ್ಲೆ: ಚೌರಿಗೂ ಬಳಸುವ ಮಾನವ ಕೂದಲಿನ ಸಂಸ್ಕರಣೆಯ ಕೇಂದ್ರ